ಲೈನ್‌ಬ್ಯಾಕರ್ ಜಾಗದಿಂದ ಕೋಚ್ ಕುರ್ಚಿಗೆ: ಅಮೆರಿಕನ್ ಫುಟ್‌ಬಾಲ್ ತಡವಾಗಿ ತೆರೆದ ಬಾಗಿಲು

1967ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಎಂಬ ವೃತ್ತಿಪರ ತಂಡವು, ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, ರಕ್ಷಣೆಯ ಮುಂಚೂಣಿ ಸಾಲಿನ ಹಿಂದೆ ನಿಂತು ಆಡುವ ಇಬ್ಬರು ಲೈನ್‌ಬ್ಯಾಕರ್‌ಗಳನ್ನು ಆರಿಸಿಕೊಂಡಿತು. ಒಬ್ಬರು ಜಿಮ್ ಲಿಂಚ್, ಬಿಳಿಯ ಆಟಗಾರ. ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯ ಅದರ ಹಿಂದಿನ ವರ್ಷವಷ್ಟೇ ರಾಷ್ಟ್ರೀಯ ಚಾಂಪಿಯನ್ ಆದಾಗ ಆ ತಂಡದ ನಾಯಕರಾಗಿದ್ದವರು. ಇನ್ನೊಬ್ಬರು ವಿಲ್ಲಿ ಲೇನಿಯರ್, ವರ್ಜೀನಿಯಾದ ಕಪ್ಪು ಯುವಕ. ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪು ವಿದ್ಯಾರ್ಥಿಗಳನ್ನು ಒಳಗೆ ಬಿಡದಿದ್ದ ಕಾಲದಲ್ಲಿ ಬೆಳೆದುಬಂದ ಕಾಲೇಜುಗಳಲ್ಲಿ ಒಂದಾದ ಬಾಲ್ಟಿಮೋರ್‌ನ ಮಾರ್ಗನ್ ಸ್ಟೇಟ್‌ನಲ್ಲಿ ಓದಿ ಆಡಿದವರು. ರಕ್ಷಣಾ ಪಡೆಯ ನಟ್ಟನಡುವೆ ನಿಲ್ಲುವ ಜಾಗ ಇರುವುದು ಒಂದೇ. ಚೀಫ್ಸ್ ಕೋಚ್ ಹ್ಯಾಂಕ್ ಸ್ಟ್ರಾಮ್ ಇಬ್ಬರನ್ನೂ ಪೈಪೋಟಿಗೆ ಬಿಟ್ಟರು. ಕೊನೆಗೆ ಆ ಜಾಗ ಲೇನಿಯರ್ ಪಾಲಾಯಿತು. ಲಿಂಚ್ ಪಕ್ಕದ ಜಾಗಕ್ಕೆ ಸರಿದು ಅಲ್ಲಿಯೇ ವರ್ಷಗಟ್ಟಲೆ ಆಡಿದರು.

ಇಂದಿನ ಕಣ್ಣಿಗೆ ಇದು ತಂಡವೊಂದರ ಒಳಗಿನ ಸಾಧಾರಣ ತೀರ್ಮಾನ. ಅಂದು ಹಾಗಿರಲಿಲ್ಲ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಆ ನಡುವಿನ ಜಾಗ ಬಿಳಿಯರಿಗೆ ಮೀಸಲು ಎಂಬುದು ಎಲ್ಲೂ ಬರೆದಿಡದ, ಆದರೆ ಎಲ್ಲರೂ ಪಾಲಿಸುತ್ತಿದ್ದ ನಿಯಮ. ಹ್ಯೂಸ್ಟನ್ ತಂಡದ ಗಾರ್ಲಂಡ್ ಬೊಯೆಟ್ ಅವರೂ ಅದೇ ಕಾಲಕ್ಕೆ ಆ ಜಾಗದಲ್ಲಿ ಆಡಿದ್ದರು. ಆದರೆ ಅಲ್ಲಿ ದಶಕ ಕಾಲ ಬೇರೂರಿ ನಿಂತು, ಇನ್ನು ಮುಂದೆ ಯಾರೂ ಅಲ್ಲಗಳೆಯಲಾಗದಂತೆ ಮಾಡಿದ ಮೊದಲ ಕಪ್ಪು ತಾರೆ ಲೇನಿಯರ್.

2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅಂತಿಮ ಪಂದ್ಯ ನಡೆದಾಗ ನೋಟರ್ ಡೇಮ್ ತಂಡದ ಮುಖ್ಯ ಕೋಚ್ ಆಗಿ ಗೆರೆಯ ಬಳಿ ನಿಂತಿದ್ದವರು ಮಾರ್ಕಸ್ ಫ್ರೀಮನ್. ಅವರೂ ಲೈನ್‌ಬ್ಯಾಕರ್ ಆಗಿದ್ದವರೇ. ಉನ್ನತ ಹಂತದ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡವೊಂದನ್ನು ಅಂತಿಮ ಪಂದ್ಯಕ್ಕೆ ಕರೆತಂದ ಮೊದಲ ಕಪ್ಪು ಮುಖ್ಯ ಕೋಚ್ ಅವರು. ಏಷ್ಯಾ ಮೂಲದವರಲ್ಲಿಯೂ ಮೊದಲಿಗರು, ಏಕೆಂದರೆ ಅವರ ತಾಯಿ ಕೊರಿಯಾದವರು. ಅಂದು ಮಾರ್ಟಿನ್ ಲೂಥರ್ ಕಿಂಗ್ ಸ್ಮರಣೆಯ ರಜಾದಿನ. ಅಟ್ಲಾಂಟಾ ಕಿಂಗ್ ಹುಟ್ಟಿದ ಊರು. ಪತ್ರಿಕೆಗಳು ಸಹಜವಾಗಿಯೇ ಈ ಹೊಂದಾಣಿಕೆಯನ್ನು ಎತ್ತಿ ಹಿಡಿದವು.

ಕಪ್ಪು ಆಟಗಾರರಿಂದಲೇ ತುಂಬಿದ ಆಟದಲ್ಲಿ ಇದಕ್ಕೆ 2025ರವರೆಗೆ ಕಾಯಬೇಕಾಯಿತು ಏಕೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಕೋಚ್‌ಗಳ ನೇಮಕಾತಿಯಲ್ಲಿ ಉತ್ತರ ಹುಡುಕುತ್ತಾರೆ. ಅದು ಅರ್ಧ ಉತ್ತರ ಮಾತ್ರ ಎಂಬುದು ನನ್ನ ನಂಬಿಕೆ. ಬಾಗಿಲು ಮುಚ್ಚಿದ್ದು ಕೋಚ್‌ನ ಕೋಣೆಯಲ್ಲಲ್ಲ, ಅದಕ್ಕಿಂತ ಬಹಳ ಮೊದಲು ಮೈದಾನದ ಮಧ್ಯದಲ್ಲಿ. ಯಾರು ಓಡಬೇಕು, ಯಾರು ಯೋಚಿಸಬೇಕು ಎಂದು ಹಂಚಿಕೆ ಮಾಡಿದ ದಿನವೇ ಮುಂದಿನ ಕೋಚ್ ಯಾರಾಗಬೇಕು ಎಂಬುದೂ ತೀರ್ಮಾನವಾಗಿತ್ತು.

ಈ ಆಟ ಪರಿಚಯವಿಲ್ಲದವರಿಗೆ ಒಂದಿಷ್ಟು ವಿವರ ಬೇಕು. ಒಂದು ತಂಡಕ್ಕೆ ಮೈದಾನದಲ್ಲಿ 11 ಜನ. ಚೆಂಡು ಇರುವ ತಂಡ ಆಕ್ರಮಣ ಮಾಡುತ್ತದೆ, ಇನ್ನೊಂದು ತಡೆಯುತ್ತದೆ. ತಡೆಯುವ ತಂಡದ ಮುಂಚೂಣಿಯಲ್ಲಿ ಭಾರಿ ಮೈಕಟ್ಟಿನವರ ಸಾಲು. ತೀರ ಹಿಂದೆ, ದೂರದ ಎಸೆತಗಳನ್ನು ತಡೆಯುವ ಚುರುಕು ಓಟಗಾರರು. ಇವೆರಡರ ನಡುವೆ ನಿಲ್ಲುವವರು ಲೈನ್‌ಬ್ಯಾಕರ್‌ಗಳು. ಎದುರಾಳಿ ಚೆಂಡನ್ನು ಹಿಡಿದು ನುಗ್ಗಿದರೆ ಮುಂದೆ ಹೋಗಿ ಅವನನ್ನು ಕೆಡವಬೇಕು, ಎಸೆದರೆ ಹಿಂದಕ್ಕೆ ಓಡಿ ಹಿಡಿಯುವವನನ್ನು ಕಾಯಬೇಕು. ಎರಡರಲ್ಲಿ ಯಾವುದು ಎಂದು ಗುರುತಿಸಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಸಮಯ.

ನಡುವಿನ ಲೈನ್‌ಬ್ಯಾಕರ್‌ಗೆ ಇನ್ನೂ ಒಂದು ಹೊಣೆಯಿದೆ. ಎದುರಾಳಿಗಳು ನಿಂತಿರುವ ಬಗೆಯನ್ನು ಓದಿ, ಉಳಿದ ಹತ್ತು ಜನರಿಗೆ ಕೂಗಿ ಹೇಳಿ ಅವರನ್ನು ಅತ್ತಿತ್ತ ಸರಿಸುವವನು ಅವನೇ. ಕ್ರಿಕೆಟ್‌ನಲ್ಲಿ ನಾಯಕ ಎಸೆತದಿಂದ ಎಸೆತಕ್ಕೆ ಫೀಲ್ಡಿಂಗ್ ಬದಲಿಸುವ ಹಾಗೆಯೇ ಇದು, ವ್ಯತ್ಯಾಸವೆಂದರೆ ಇಲ್ಲಿ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 2008ರಿಂದ ರಕ್ಷಣಾ ಪಡೆಯ ಒಬ್ಬ ಆಟಗಾರನ ಹೆಲ್ಮೆಟ್ಟಿನಲ್ಲಿ ರೇಡಿಯೊ ಇಡಲು ಒಪ್ಪಿದೆ. ಆ ಹೆಲ್ಮೆಟ್ಟಿನ ಹಿಂಬದಿಗೆ ಹಸಿರು ಚುಕ್ಕೆ ಅಂಟಿಸಿರುತ್ತಾರೆ. ಬಹುಪಾಲು ತಂಡಗಳಲ್ಲಿ ಅದು ಇರುವುದು ಲೈನ್‌ಬ್ಯಾಕರ್‌ನ ತಲೆಯ ಮೇಲೆ. ಚೆಂಡನ್ನು ಮತ್ತೆ ಆಟಕ್ಕೆ ತರಲು ಪ್ರತಿ ಸಲ ಕೊಡುವ ಸಮಯದಲ್ಲಿ 15 ಸೆಕೆಂಡು ಉಳಿದಾಗ ರೇಡಿಯೊ ತಾನಾಗಿ ಸ್ತಬ್ಧವಾಗುತ್ತದೆ. ಆಮೇಲೆ ಕೋಚ್‌ನ ದನಿಯಿಲ್ಲ, ಅವನದೇ ತಲೆ, ಅವನದೇ ದನಿ. ಕಾಲೇಜು ಆಟದ ಉನ್ನತ ಹಂತಕ್ಕೆ ಈ ರೇಡಿಯೊ ಬಂದದ್ದು 2024ರಲ್ಲಿ. ಅಲ್ಲಿಯವರೆಗೆ ಗೆರೆಯಾಚೆಯಿಂದ ಕೈಸನ್ನೆ, ಚಿತ್ರಗಳ ದೊಡ್ಡ ಫಲಕಗಳೇ ಗತಿಯಾಗಿದ್ದವು.

ಇಂಥ ಜಾಗದಲ್ಲಿ ಹತ್ತು ವರ್ಷ ಆಡಿದವನಿಗೆ ತನ್ನ ಕೆಲಸದ ಜೊತೆ ಉಳಿದ ಹತ್ತು ಜನರ ಕೆಲಸವೂ ಬಾಯಿಪಾಠವಾಗಿರುತ್ತದೆ. ಆಟ ಬಿಟ್ಟ ಮೇಲೆ ಅವನು ಕೋಚ್ ಆಗುವುದು ಸಹಜ. ವೃತ್ತಿಪರ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಪಿಟ್ಸ್‌ಬರ್ಗ್ ತಂಡಕ್ಕೆ ನಾಲ್ಕು ಸಲ ಗೆದ್ದುಕೊಟ್ಟ ಕೋಚ್ ಚಕ್ ನೋಲ್, ಆಕ್ರಮಣ ಸಾಲಿನ ಗಾರ್ಡ್ ಮತ್ತು ಲೈನ್‌ಬ್ಯಾಕರ್ ಆಗಿ ಆಡಿದ್ದವರು. ಎನ್‌ಎಫ್‌ಎಲ್‌ನಲ್ಲಿ 200 ಪಂದ್ಯ ಗೆದ್ದ ಮಾರ್ಟಿ ಶಾಟೆನ್‌ಹೈಮರ್ ಬಫಲೊ ತಂಡದ ಲೈನ್‌ಬ್ಯಾಕರ್. ಆಕ್ರಮಣದ ಕಡೆಯಲ್ಲಿ ಇದೇ ಮಾತು ಎರಡು ಜಾಗಗಳಿಗೆ ಸಲ್ಲುತ್ತದೆ: ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮತ್ತು ಅವನಿಗೆ ಚೆಂಡು ಕೊಡುವ ಸೆಂಟರ್. ಮೈದಾನದ ನಡುಗೆರೆಯ ಮೇಲೆ ನಿಲ್ಲುವ ಈ ಮೂವರನ್ನು ಆಟದ ಮಿದುಳು ಎಂದು ಕರೆಯುವ ರೂಢಿ ಹಳೆಯದು.

ಆ ಮಿದುಳಿನ ಜಾಗಗಳಿಂದ ಕಪ್ಪು ಆಟಗಾರರನ್ನು ದೂರವಿಟ್ಟದ್ದು ಹೇಗೆ ಎಂಬುದಕ್ಕೆ ಒಂದು ಶತಮಾನದ ಹಿನ್ನೆಲೆಯಿದೆ. ವಿಚಿತ್ರವೆಂದರೆ ಆರಂಭ ಹೀಗಿರಲಿಲ್ಲ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ್ದ ಫ್ರಿಟ್ಜ್ ಪೊಲಾರ್ಡ್ ಎಂಬ ಕಪ್ಪು ಆಟಗಾರ 1920ರಲ್ಲಿ, ಇಂದಿನ ಎನ್‌ಎಫ್‌ಎಲ್ ಹುಟ್ಟಿದ ವರ್ಷವೇ, ಆಕ್ರನ್ ಪ್ರೋಸ್ ತಂಡದಲ್ಲಿ ಆಡಿ ಚಾಂಪಿಯನ್ ಆದರು. ಮರುವರ್ಷ ಅದೇ ತಂಡಕ್ಕೆ ಜಂಟಿ ಕೋಚ್ ಕೂಡ ಆದರು. ಅಂದರೆ ಲೀಗ್‌ನ ಎರಡನೇ ವರ್ಷದಲ್ಲಿಯೇ ಕಪ್ಪು ಕೋಚ್ ಇದ್ದರು. ಇಷ್ಟು ಬೇಗ ತೆರೆದ ಬಾಗಿಲನ್ನು ಮತ್ತೆ ಎಳೆದು ಮುಚ್ಚಿದರು. 1933ರ ಋತು ಮುಗಿದ ಮೇಲೆ ಹನ್ನೆರಡು ವರ್ಷ ಲೀಗ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನಿರಲಿಲ್ಲ. ಮಾಲೀಕರು ಇದಕ್ಕೆ ಲಿಖಿತ ನಿಯಮ ಮಾಡಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ.

1946ರಲ್ಲಿ ಅದು ಮುರಿದದ್ದು ಯಾರ ಔದಾರ್ಯದಿಂದಲೂ ಅಲ್ಲ. ಕ್ಲೀವ್‌ಲ್ಯಾಂಡ್‌ನಿಂದ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡ ರ‍್ಯಾಮ್ಸ್ ತಂಡಕ್ಕೆ ಅಲ್ಲಿನ ಕೊಲಿಸಿಯಂ ಕ್ರೀಡಾಂಗಣ ಬೇಕಿತ್ತು. ಅದು ಸಾರ್ವಜನಿಕರ ತೆರಿಗೆ ಹಣದಲ್ಲಿ ಕಟ್ಟಿದ್ದು. ಕಪ್ಪು ಜನರೂ ತೆರಿಗೆ ಕಟ್ಟಿದ ಕ್ರೀಡಾಂಗಣದಲ್ಲಿ ಬಿಳಿಯರಿಗೆ ಮಾತ್ರ ಆಟವೇ ಎಂದು ಅಲ್ಲಿನ ಕಪ್ಪು ಪತ್ರಕರ್ತರು ಪಟ್ಟು ಹಿಡಿದರು. ರ‍್ಯಾಮ್ಸ್ ಬೇರೆ ದಾರಿ ಕಾಣದೆ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಅವರನ್ನು ಸೇರಿಸಿಕೊಂಡಿತು. ರಾಜಧಾನಿ ವಾಷಿಂಗ್ಟನ್‌ನ ತಂಡವಂತೂ 1962ರವರೆಗೆ ಕಪ್ಪು ಆಟಗಾರರನ್ನು ಮುಟ್ಟಲಿಲ್ಲ. ಕೇಂದ್ರ ಸರ್ಕಾರ ಕ್ರೀಡಾಂಗಣ ಕೊಡುವುದಿಲ್ಲ ಎಂದು ಬೆದರಿಸಿದ ಮೇಲಷ್ಟೇ ಅದರ ಮಾಲೀಕ ಮಣಿದ. ಬಾಗಿಲು ತೆರೆದಾಗಲೆಲ್ಲ ಹೊರಗಿನಿಂದ ಯಾರೋ ತಳ್ಳಿದ್ದರು ಎಂಬುದನ್ನು ಮರೆಯಬಾರದು.

ಒಳಗೆ ಬಂದವರಿಗೆ ಇನ್ನೊಂದು ಗೋಡೆ ಕಾದಿತ್ತು. ಓಡುವ, ಹಾರುವ, ಹಿಡಿಯುವ ಜಾಗಗಳು ಕಪ್ಪು ಆಟಗಾರರಿಗೆ. ಎಣಿಸುವ, ನಿರ್ಧರಿಸುವ, ಆಜ್ಞೆ ಕೊಡುವ ಜಾಗಗಳು ಬಿಳಿಯರಿಗೆ. ಕಪ್ಪು ಕಾಲೇಜಿನಲ್ಲಿ ನಾಲ್ಕು ವರ್ಷ ಕ್ವಾರ್ಟರ್‌ಬ್ಯಾಕ್ ಆಗಿ ತಂಡ ನಡೆಸಿದವನು ವೃತ್ತಿಪರ ತಂಡಕ್ಕೆ ಬಂದೊಡನೆ ಚೆಂಡು ಹಿಡಿಯುವ ರಿಸೀವರ್ ಆಗುತ್ತಿದ್ದ. ಒಂದೇ ಜಾಗಕ್ಕೆ ಹತ್ತಾರು ಕಪ್ಪು ಆಟಗಾರರನ್ನು ಒಟ್ಟಿ, ಅವರವರಲ್ಲೇ ಪೈಪೋಟಿ ಹುಟ್ಟಿಸಿ, ಉಳಿದ ಜಾಗಗಳನ್ನು ಸುರಕ್ಷಿತವಾಗಿ ಬಿಳಿಯರಿಗೆ ಇರಿಸುವ ಪದ್ಧತಿ ಇದು. 1970ರಲ್ಲಿ ಜಾನ್ ಲಾಯ್ ಮತ್ತು ಜೋಸೆಫ್ ಮ್ಯಾಕ್‌ಎಲ್ವೋಗ್ ಎಂಬ ಸಮಾಜಶಾಸ್ತ್ರಜ್ಞರು ಬೇಸ್‌ಬಾಲ್ ಮತ್ತು ಫುಟ್‌ಬಾಲ್ ತಂಡಗಳ ಪಟ್ಟಿಗಳನ್ನು ಜಾಗವಾರು ಬಿಡಿಸಿ ನೋಡಿದರು. ಇತರ ಆಟಗಾರರ ಜೊತೆ ಹೆಚ್ಚು ಒಡನಾಟ ಬೇಡುವ ಕೇಂದ್ರದ ಜಾಗಗಳಲ್ಲಿ ಬಿಳಿಯರು, ಅಂಚಿನ ಜಾಗಗಳಲ್ಲಿ ಕಪ್ಪು ಜನ. ಎರಡೂ ಆಟಗಳಲ್ಲಿ ಅದೇ ಕಥೆ.

ಈ ಹಿನ್ನೆಲೆಯಲ್ಲಿ ಲೇನಿಯರ್ ಅವರತ್ತ ಮತ್ತೊಮ್ಮೆ ನೋಡಬೇಕು. ಚೀಫ್ಸ್ ತಂಡ ಲಾಯ್ಡ್ ವೆಲ್ಸ್ ಎಂಬ ಕಪ್ಪು ಸ್ಕೌಟ್‌ನನ್ನು ಪೂರ್ಣಾವಧಿಗೆ ನೇಮಿಸಿಕೊಂಡು, ಬೇರೆ ತಂಡಗಳು ತಿರುಗಿಯೂ ನೋಡದ ಕಪ್ಪು ಕಾಲೇಜುಗಳಲ್ಲಿ ಪ್ರತಿಭೆ ಹುಡುಕಿಸುತ್ತಿತ್ತು. ಬಂದ ಹೊಸತರಲ್ಲಿ ಲೇನಿಯರ್ ಆಟದ ರೀತಿ ಎಷ್ಟು ರಭಸದ್ದೆಂದರೆ, ತಲೆಯನ್ನೇ ಮುಂದೆ ಮಾಡಿ ನುಗ್ಗುತ್ತಿದ್ದ ಅವರಿಗೆ ಮೊದಲ ವರ್ಷವೇ ತಲೆಗೆ ದೊಡ್ಡ ಪೆಟ್ಟಾಗಿ ಮೈದಾನದಲ್ಲೇ ಕುಸಿದರು. ಅಲ್ಲಿಂದ ಮುಂದೆ ಅವರು ತಮ್ಮ ಆಟವನ್ನೇ ಬದಲಿಸಿಕೊಂಡರು. ಹೆಲ್ಮೆಟ್ಟಿನ ಹೊರಗೆ, ಹಣೆಯಿಂದ ನೆತ್ತಿಯವರೆಗೆ ದಪ್ಪ ಮೆತ್ತೆಯ ಪಟ್ಟಿ ಹಾಕಿಸಿಕೊಂಡರು. ತಲೆಯಿಂದ ಗುದ್ದುವುದನ್ನು ಬಿಟ್ಟು ತೋಳುಗಳಿಂದ ಬಾಚಿ ಹಿಡಿದು ಕೆಡವುವುದನ್ನು ರೂಢಿಸಿಕೊಂಡರು. ತಲೆಪೆಟ್ಟಿನ ದೀರ್ಘಕಾಲದ ಹಾನಿಯ ಬಗ್ಗೆ ಲೀಗ್ ಬಾಯಿ ಬಿಡುವುದಕ್ಕೆ ದಶಕಗಳ ಮೊದಲೇ ಇಪ್ಪತ್ತೆರಡರ ಯುವಕನೊಬ್ಬ ತನ್ನಷ್ಟಕ್ಕೆ ತಾನೇ ಯೋಚಿಸಿ ಮಾಡಿಕೊಂಡ ಬದಲಾವಣೆ ಇದು. ಯೋಚಿಸುವ ಜಾಗಕ್ಕೆ ತಕ್ಕವರಲ್ಲ ಎಂದು ಯಾರ ಜನರನ್ನು ಹೊರಗಿಟ್ಟಿದ್ದರೋ ಅವರಲ್ಲೊಬ್ಬನ ಯೋಚನೆ. 1970ರ ಜನವರಿಯಲ್ಲಿ ಚೀಫ್ಸ್ ಮಿನೆಸೋಟ ತಂಡವನ್ನು 23–7ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಾಗ ರಕ್ಷಣಾ ಪಡೆಯನ್ನು ನಡುವಿನಿಂದ ನಡೆಸುತ್ತಿದ್ದವರು ಲೇನಿಯರ್. 1986ರಲ್ಲಿ ಅವರು ಆಟದ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಕೋಚ್ ಮಾತ್ರ ಆಗಲಿಲ್ಲ. ಆಟ ಮುಗಿಸಿ ವರ್ಜೀನಿಯಾದಲ್ಲಿ ಹಣಕಾಸು ಕ್ಷೇತ್ರಕ್ಕೆ ಹೋದರು.

ಲೇನಿಯರ್ ನಂತರ ಈ ಜಾಗ ನಿಧಾನವಾಗಿ ತೆರೆದುಕೊಂಡಿತು. ಅದರಲ್ಲಿ ಒಂದು ಎಳೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸೌತ್ ಕ್ಯಾರೊಲಿನಾ ಸ್ಟೇಟ್ ಎಂಬ ಕಪ್ಪು ಕಾಲೇಜಿನಲ್ಲಿ ವಿಲ್ಲಿ ಜೆಫ್ರೀಸ್ ಕೋಚ್ ಆಗಿದ್ದಾಗ ಅವರ ಕೈಕೆಳಗೆ ಬೆಳೆದವರು ಹ್ಯಾರಿ ಕಾರ್ಸನ್. ಕಾಲೇಜಿನಲ್ಲಿ ಅವರು ರಕ್ಷಣೆಯ ಮುಂಚೂಣಿ ಸಾಲಿನಲ್ಲಿ ಆಡಿದವರು. 1976ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅವರನ್ನು ಆರಿಸಿಕೊಂಡು ನಡುವಿನ ಲೈನ್‌ಬ್ಯಾಕರ್ ಆಗಿ ಮಾರ್ಪಡಿಸಿತು. ಅವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಅವರ ಗುರು ಜೆಫ್ರೀಸ್ 1979ರಲ್ಲಿ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು. ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ವಿಭಾಗದಲ್ಲಿ ಆ ಹುದ್ದೆ ಪಡೆದ ಮೊದಲ ಕಪ್ಪು ವ್ಯಕ್ತಿ ಅವರೇ. ಗ್ರ್ಯಾಂಬ್ಲಿಂಗ್‌ನಲ್ಲಿ 408 ಪಂದ್ಯ ಗೆದ್ದ ಮಹಾಗುರು ಎಡ್ಡಿ ರಾಬಿನ್ಸನ್ 1941ರಿಂದ 1997ರವರೆಗೂ ಅದೇ ಕಪ್ಪು ಕಾಲೇಜಿನಲ್ಲಿದ್ದರು. ಅಷ್ಟು ಗೆಲುವುಗಳ ಬಿಳಿಯ ಕೋಚ್ ಒಬ್ಬನ ಮನೆ ಮುಂದೆ ದೊಡ್ಡ ವಿಶ್ವವಿದ್ಯಾಲಯಗಳ ಸಾಲು ಹೇಗೆ ನಿಂತಿರುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಮೈದಾನದಲ್ಲಿ ಗೋಡೆ ಬಿರುಕು ಬಿಟ್ಟರೂ ತಲೆಯೊಳಗಿನ ಗೋಡೆ ಗಟ್ಟಿಯಾಗಿಯೇ ಇತ್ತು. 1987ರ ಏಪ್ರಿಲ್‌ನಲ್ಲಿ ಬೇಸ್‌ಬಾಲ್ ತಂಡವೊಂದರ ಹಿರಿಯ ಅಧಿಕಾರಿ ಆಲ್ ಕ್ಯಾಂಪನಿಸ್, ತಂಡ ನಡೆಸಲು ಬೇಕಾದ ಕೆಲವು ಗುಣಗಳು ಕಪ್ಪು ಜನರಲ್ಲಿ ಇಲ್ಲದಿರಬಹುದು ಎಂದು ದೂರದರ್ಶನದ ನೇರ ಪ್ರಸಾರದಲ್ಲಿ ಹೇಳಿದರು. ಎರಡೇ ದಿನದಲ್ಲಿ ಹುದ್ದೆ ಕಳೆದುಕೊಂಡರು. ಅವರೊಬ್ಬರದೇ ಅಭಿಪ್ರಾಯವಾಗಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಆಧುನಿಕ ಎನ್‌ಎಫ್‌ಎಲ್ ತನ್ನ ಮೊದಲ ಕಪ್ಪು ಮುಖ್ಯ ಕೋಚ್ ಆರ್ಟ್ ಶೆಲ್ ಅವರನ್ನು ಕಂಡದ್ದು 1989ರಲ್ಲಿ, ಪೊಲಾರ್ಡ್ ನಂತರ ಆರು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ದಕ್ಷಿಣದ ರಾಜ್ಯಗಳ ಬಲಿಷ್ಠ ಕೂಟವಾದ ಎಸ್‌ಇಸಿಯಲ್ಲಿ ಮೊದಲ ಕಪ್ಪು ಮುಖ್ಯ ಕೋಚ್ ತಂಡ ನಡೆಸಿದ್ದು 2004ರಲ್ಲಿ, ಮಿಸಿಸಿಪಿ ಸ್ಟೇಟ್‌ನ ಸಿಲ್ವೆಸ್ಟರ್ ಕ್ರೂಮ್. ಅವರು ಅಲಬಾಮಾದಲ್ಲಿ ಆಡಿದ್ದು ಸೆಂಟರ್ ಜಾಗದಲ್ಲಿ ಎಂಬುದನ್ನು ಗಮನಿಸಿ.

ಕೋಚ್ ಆಗುವ ಏಣಿಯ ಮೆಟ್ಟಿಲುಗಳೂ ಮೈದಾನದ ಜಾಗಗಳ ನೆರಳೇ. ಆಟ ಬಿಟ್ಟವನು ಮೊದಲು ಅತಿ ಕಡಿಮೆ ಸಂಬಳದ ಗ್ರಾಜುಯೇಟ್ ಅಸಿಸ್ಟೆಂಟ್ ಆಗುತ್ತಾನೆ. ಆಮೇಲೆ ತಾನು ಆಡಿದ ಜಾಗದ ಆಟಗಾರರಿಗೇ ಕೋಚ್. ಅಲ್ಲಿಂದ ಇಡೀ ಆಕ್ರಮಣಕ್ಕೋ ರಕ್ಷಣೆಗೋ ಕೋಆರ್ಡಿನೇಟರ್. ಕೊನೆಗೆ ಮುಖ್ಯ ಕೋಚ್. ಓಡುವವನಾಗಿದ್ದವನು ಓಡುವವರ ಕೋಚ್ ಆಗುತ್ತಾನೆ. ಅಲ್ಲಿಂದ ಕೋಆರ್ಡಿನೇಟರ್ ಆಗುವುದು ಅಪರೂಪ. ಅದರ ಬದಲು ಕಪ್ಪು ಕುಟುಂಬಗಳ ಮನೆಗೆ ಹೋಗಿ ಹುಡುಗರನ್ನು ತಂಡಕ್ಕೆ ಒಲಿಸಿ ತರುವ ಕೆಲಸ ಅವನ ಹೆಗಲಿಗೆ ಬೀಳುತ್ತದೆ. ಹೀಗೆ 1960ರ ದಶಕದಲ್ಲಿ ಆಟಗಾರರಿಗೆ ಮಾಡಿದ ಹಂಚಿಕೆ 1990ರ ದಶಕದಲ್ಲಿ ಕೋಚ್‌ಗಳ ಕೋಣೆಯಲ್ಲಿ ಹಾಗೇ ಮರುಕಳಿಸಿತು. ಯಾರೂ ಹೊಸದಾಗಿ ತಾರತಮ್ಯ ಮಾಡಬೇಕಾಗಲಿಲ್ಲ, ಹಳೆಯದೇ ಕೆಲಸ ಮಾಡುತ್ತಿತ್ತು.

ಎನ್‌ಎಫ್‌ಎಲ್ 2003ರಲ್ಲಿ ರೂನಿ ನಿಯಮ ತಂದಿತು: ಮುಖ್ಯ ಕೋಚ್ ಹುದ್ದೆ ಖಾಲಿಯಾದರೆ ಕನಿಷ್ಠ ಒಬ್ಬ ಅಲ್ಪಸಂಖ್ಯಾತ ಅಭ್ಯರ್ಥಿಯನ್ನು ಸಂದರ್ಶಿಸಲೇಬೇಕು. ಅದರ ಹಿಂದೆಯೂ ವಕೀಲರ ಒತ್ತಡ, ಮೊಕದ್ದಮೆಯ ಭಯ ಇತ್ತು. ಕಾಲೇಜುಗಳಿಗೆ ಅಂಥ ರಾಷ್ಟ್ರವ್ಯಾಪಿ ನಿಯಮವಿಲ್ಲ. ಒರೆಗಾನ್ ರಾಜ್ಯವೊಂದು 2009ರಲ್ಲಿ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಇದನ್ನು ಕಾನೂನು ಮಾಡಿತು.

ನೋಟರ್ ಡೇಮ್‌ನ ಕಥೆಗೆ ಬರೋಣ. ಕ್ಯಾಥೊಲಿಕ್ ಪಾದ್ರಿಗಳು 1842ರಲ್ಲಿ ಸ್ಥಾಪಿಸಿದ ಈ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್ ಕೋಚ್ ಆಗುವುದೆಂದರೆ ದೇಶದ ಕಣ್ಣು ಬೀಳುವ ಕೆಲಸ. ಫ್ರೀಮನ್‌ಗೆ ಮೊದಲು ಅಲ್ಲಿ ಒಬ್ಬ ಕಪ್ಪು ಮುಖ್ಯ ಕೋಚ್ ಇದ್ದರು, ಟೈರೋನ್ ವಿಲ್ಲಿಂಗ್‌ಹ್ಯಾಮ್. ಅವರು ಬಂದ ಸಂದರ್ಭವೇ ಮುಜುಗರದ್ದು: ಮೊದಲು ಆರಿಸಿದ್ದ ಬಿಳಿಯ ಕೋಚ್ ತನ್ನ ಅರ್ಜಿಯಲ್ಲಿ ಸುಳ್ಳು ಬರೆದಿದ್ದು ಬಯಲಾಗಿ ಐದೇ ದಿನದಲ್ಲಿ ರಾಜೀನಾಮೆ ಕೊಟ್ಟಿದ್ದ. 2002ರಲ್ಲಿ ವಿಲ್ಲಿಂಗ್‌ಹ್ಯಾಮ್ ಮೊದಲ ಎಂಟು ಪಂದ್ಯಗಳನ್ನೂ ಗೆದ್ದರು. ನಂತರದ ಎರಡು ವರ್ಷ ಏಳುಬೀಳಾಯಿತು. 2004ರ ನವೆಂಬರ್ 30ರಂದು, ಮೂರೇ ಋತುಗಳ ನಂತರ, ಅವರನ್ನು ತೆಗೆದುಹಾಕಿದರು. ಅವರ ಹಿಂದಿನವರಿಗೆ, ಇನ್ನೂ ಕಳಪೆ ದಿನ ಕಂಡವರಿಗೂ, ಐದು ವರ್ಷ ಕೊಡುವುದು ಅಲ್ಲಿನ ವಾಡಿಕೆಯಾಗಿತ್ತು. ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷರಾಗಿದ್ದ ಪಾದ್ರಿ ಎಡ್ವರ್ಡ್ ಮಲೊಯ್ ಅವರೇ ಈ ತೀರ್ಮಾನದಿಂದ ತಮಗೆ ನಾಚಿಕೆಯಾಗಿದೆ ಎಂದು ಬಹಿರಂಗವಾಗಿ ಹೇಳಿದರು. ವಿಲ್ಲಿಂಗ್‌ಹ್ಯಾಮ್ ಮುಂದೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಇದ್ದರು. ಆಮೇಲೆ ಅವರಿಗೆ ಕಾಲೇಜಿನ ಮುಖ್ಯ ಕೋಚ್ ಹುದ್ದೆ ಸಿಗಲಿಲ್ಲ. ಕ್ರೂಮ್ ಅವರೂ ಮಿಸಿಸಿಪಿ ಬಿಟ್ಟ ಮೇಲೆ ಎನ್‌ಎಫ್‌ಎಲ್‌ನಲ್ಲಿ ಓಡುವ ಆಟಗಾರರ ಕೋಚ್ ಆದರು. ಸೆಂಟರ್ ಆಗಿ ಆಡಿದವರನ್ನು, ಮುಖ್ಯ ಕೋಚ್ ಆಗಿದ್ದವರನ್ನು, ಕಳಿಸಿದ್ದು ಅದೇ ಹಳೆಯ ಕೋಣೆಗೆ.

ಫ್ರೀಮನ್ ಹುಟ್ಟಿದ್ದು 1986ರಲ್ಲಿ ಒಹಾಯೊದ ರೈಟ್–ಪ್ಯಾಟರ್ಸನ್ ವಾಯುನೆಲೆಯಲ್ಲಿ. ತಂದೆ ಅಮೆರಿಕದ ವಾಯುಪಡೆಯ ಸೈನಿಕ. ದಕ್ಷಿಣ ಕೊರಿಯಾದಲ್ಲಿ ಸೇವೆಯಲ್ಲಿದ್ದಾಗ ತಾಯಿಯನ್ನು ಭೇಟಿಯಾದರು. ಹ್ಯೂಬರ್ ಹೈಟ್ಸ್ ಎಂಬ ಊರಿನಲ್ಲಿ ಬೆಳೆದ ಹುಡುಗ ಒಹಾಯೊ ಸ್ಟೇಟ್ ಸೇರಿ ಲೈನ್‌ಬ್ಯಾಕರ್ ಆದರು. ನಡುವಿನ ಜಾಗದಲ್ಲಿ ಜೇಮ್ಸ್ ಲಾರಿನೈಟಿಸ್, ಪಕ್ಕದಲ್ಲಿ ಫ್ರೀಮನ್. 2009ರ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಷಿಕಾಗೊ ಬೇರ್ಸ್ ಅವರನ್ನು ತೆಗೆದುಕೊಂಡಿತು. ಆದರೆ ಅಲ್ಲಿ ನೆಲೆ ಸಿಗಲಿಲ್ಲ. ಬಫಲೊ, ಹ್ಯೂಸ್ಟನ್ ತಂಡಗಳ ಅಭ್ಯಾಸ ಬಳಗದಲ್ಲಿ ದಿನ ಕಳೆದರು. ಲೀಗ್‌ನ ಅಧಿಕೃತ ಪಂದ್ಯದಲ್ಲಿ ಮೈದಾನಕ್ಕಿಳಿಯುವ ಭಾಗ್ಯ ಬರಲಿಲ್ಲ. 2010ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ವೈದ್ಯಕೀಯ ತಪಾಸಣೆಯಲ್ಲಿ ಹೃದಯ ಹಿಗ್ಗಿರುವುದು ಕಂಡುಬಂತು. ಇಪ್ಪತ್ನಾಲ್ಕನೇ ವಯಸ್ಸಿಗೆ ಆಟ ಮುಗಿಯಿತು.

ಇಲ್ಲಿಂದ ಮುಂದಿನ ಹಾದಿಯನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ಕೋಚ್‌ಗಳು ಹೇಗೆ ತಯಾರಾಗುತ್ತಾರೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಹಾಯೊ ಸ್ಟೇಟ್‌ನಲ್ಲಿ ಅವರ ಹಳೆಯ ಕೋಚ್ ಜಿಮ್ ಟ್ರೆಸೆಲ್ ಅದೇ ವರ್ಷ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸ ಕೊಟ್ಟರು. ಅಲ್ಲಿಯೇ ಸಹಾಯಕರಾಗಿದ್ದ ಡ್ಯಾರೆಲ್ ಹೇಝಲ್ ಎಂಬ ಕಪ್ಪು ಕೋಚ್ 2011ರಲ್ಲಿ ಕೆಂಟ್ ಸ್ಟೇಟ್‌ನ ಮುಖ್ಯ ಕೋಚ್ ಆದಾಗ ಲೈನ್‌ಬ್ಯಾಕರ್‌ಗಳ ಹೊಣೆಗೆ ಫ್ರೀಮನ್ ಅವರನ್ನು ಕರೆದೊಯ್ದರು. 2013ರಲ್ಲಿ ಪರ್ಡ್ಯೂಗೆ ಹೋಗುವಾಗಲೂ ಜೊತೆಗೆ ಕರೆದುಕೊಂಡರು. ಪರ್ಡ್ಯೂನಲ್ಲಿ ಸೋಲಿನ ಮೇಲೆ ಸೋಲು. ಹೇಝಲ್ 2016ರ ಋತುವಿನ ನಡುವೆಯೇ ಕೆಲಸ ಕಳೆದುಕೊಂಡರು. ಇಂಥ ಸೋಲಿನಲ್ಲಿ ಸಹಾಯಕ ಕೋಚ್‌ಗಳೂ ಕೊಚ್ಚಿಹೋಗುತ್ತಾರೆ. ಫ್ರೀಮನ್ ಉಳಿದದ್ದು ಒಹಾಯೊ ಸ್ಟೇಟ್‌ನ ಲೈನ್‌ಬ್ಯಾಕರ್ ಕೋಣೆಯ ನಂಟಿನಿಂದ. ಅಲ್ಲಿ ಅವರಿಗೆ ಕಲಿಸಿದ್ದ ಲ್ಯೂಕ್ ಫಿಕಲ್ 2017ರಲ್ಲಿ ಸಿನ್ಸಿನಾಟಿಯ ಮುಖ್ಯ ಕೋಚ್ ಆದಾಗ ಇಡೀ ರಕ್ಷಣೆಯ ಹೊಣೆಯನ್ನೇ ಕೊಟ್ಟರು. 2021ರಲ್ಲಿ ನೋಟರ್ ಡೇಮ್ ಅದೇ ಕೆಲಸಕ್ಕೆ ಕರೆಯಿತು. ಆ ವರ್ಷದ ಕೊನೆಗೆ ಮುಖ್ಯ ಕೋಚ್ ಬ್ರಯಾನ್ ಕೆಲ್ಲಿ ಲೂಸಿಯಾನಾ ಸ್ಟೇಟ್‌ಗೆ ಹೊರಟುಹೋದಾಗ, ಡಿಸೆಂಬರ್ 3ರಂದು ಮೂವತ್ತೈದರ ಫ್ರೀಮನ್ ಆ ಸ್ಥಾನಕ್ಕೆ ಬಂದರು.

ಆಟಗಾರ, ಅದೇ ಜಾಗದ ಕೋಚ್, ರಕ್ಷಣಾ ಕೋಆರ್ಡಿನೇಟರ್, ಮುಖ್ಯ ಕೋಚ್. ಹನ್ನೊಂದು ವರ್ಷದಲ್ಲಿ ಏಣಿಯ ಒಂದು ಮೆಟ್ಟಿಲೂ ತಪ್ಪಿಲ್ಲ. ಲೈನ್‌ಬ್ಯಾಕರ್ ಜಾಗ ಕಪ್ಪು ಆಟಗಾರರಿಗೆ ತೆರೆಯದೇ ಹೋಗಿದ್ದರೆ ಈ ಏಣಿಯ ಬುಡವೇ ಅವರಿಗೆ ಸಿಗುತ್ತಿರಲಿಲ್ಲ.

ಅವರ ಹುಟ್ಟಿನಲ್ಲಿ ಎರಡು ಪೂರ್ವಗ್ರಹಗಳು ಎದುರುಬದುರಾಗುತ್ತವೆ ಎಂಬುದನ್ನೂ ಇಲ್ಲಿ ಹೇಳಬೇಕು. ಕಪ್ಪು ಜನರಿಗೆ ದೇಹವಿದೆ, ಬುದ್ಧಿಯಿಲ್ಲ ಎಂದ ಅದೇ ಸಮಾಜ ಏಷ್ಯಾದವರಿಗೆ ಬುದ್ಧಿಯಿದೆ, ದೇಹವಿಲ್ಲ ಎಂದಿತು. ಎರಡನೆಯದನ್ನು ಎದುರಿಸಿದವರೂ ಒಬ್ಬ ಲೈನ್‌ಬ್ಯಾಕರೇ. 1975ರಲ್ಲಿ ಅರ್ಕನ್ಸಾದ ನಿರಾಶ್ರಿತರ ಶಿಬಿರದಲ್ಲಿ ವಿಯೆಟ್ನಾಮೀ ಕುಟುಂಬದಲ್ಲಿ ಹುಟ್ಟಿ, ಟೆಕ್ಸಸ್ ಕರಾವಳಿಯ ಸಿಗಡಿ ಮೀನುಗಾರರ ನಡುವೆ ಬೆಳೆದ ಡಾಟ್ ನುಯೆನ್. ಈ ಆಟಕ್ಕೆ ಗಾತ್ರ ಸಾಲದು ಎನಿಸಿಕೊಂಡ ಅವರು ಟೆಕ್ಸಸ್ ಎ ಆ್ಯಂಡ್ ಎಂ ಪರ ಆಡಿ 1998ರಲ್ಲಿ ದೇಶದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಗೆದ್ದರು, ಡಲ್ಲಾಸ್ ಕೌಬಾಯ್ಸ್‌ನಲ್ಲಿ ಆಡಿದರು, ಆಮೇಲೆ ತಮ್ಮ ಕಾಲೇಜಿಗೇ ಲೈನ್‌ಬ್ಯಾಕರ್‌ಗಳ ಕೋಚ್ ಆಗಿ ಮರಳಿದರು.

ಫ್ರೀಮನ್ ಅವರ ಆರಂಭ ಕೆಟ್ಟದಾಗಿತ್ತು. 2022ರ ಮೊದಲ ದಿನ ಒಕ್ಲಹೋಮ ಸ್ಟೇಟ್ ವಿರುದ್ಧ 28–7ರ ಮುನ್ನಡೆಯಲ್ಲಿದ್ದ ತಂಡ 37–35ರಿಂದ ಸೋತಿತು. ಮುಂದೆ ಒಹಾಯೊ ಸ್ಟೇಟ್ ಎದುರು ಸೋಲು, ಆಮೇಲೆ ಸ್ವಂತ ಅಂಗಳದಲ್ಲಿ ಮಾರ್ಷಲ್ ಎಂಬ ಚಿಕ್ಕ ವಿಶ್ವವಿದ್ಯಾಲಯದ ಎದುರು ಸೋಲು. ಮೊದಲ ಮೂರೂ ಪಂದ್ಯ ಸೋತ ಕೋಚ್ ನೋಟರ್ ಡೇಮ್‌ನಲ್ಲಿ ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಅದಕ್ಕಿಂತಲೂ ನೋವಿನ ರಾತ್ರಿ 2023ರ ಸೆಪ್ಟೆಂಬರ್ 23. ಒಹಾಯೊ ಸ್ಟೇಟ್ ಮತ್ತೆ ಎದುರಾಳಿ. ನೋಟರ್ ಡೇಮ್ 14–10ರಿಂದ ಮುಂದಿದೆ, ಗಡಿಯಾರದಲ್ಲಿ ಕೆಲವೇ ಸೆಕೆಂಡು ಬಾಕಿ, ಚೆಂಡು ಗೋಲುಗೆರೆಯ ಅಂಚಿನಲ್ಲಿದೆ. ನೋಟರ್ ಡೇಮ್ ಪರ ತಡೆಯಲು ನಿಂತವರು ಹತ್ತೇ ಜನ. ಹನ್ನೊಂದನೆಯವನು ಮೈದಾನದಲ್ಲೇ ಇಲ್ಲ. ಅದೇ ಪಂದ್ಯದ ಸತತ ಎರಡು ನಡೆಗಳಲ್ಲಿ ಹೀಗಾಯಿತು. ಎರಡನೆಯದರಲ್ಲಿ ಒಹಾಯೊ ಸ್ಟೇಟ್ ಆಟಗಾರ ಸರಿಯಾಗಿ ಆ ಖಾಲಿ ಜಾಗದ ಬಳಿ ನುಗ್ಗಿ, ಚೆಂಡನ್ನು ಗೋಲುಗೆರೆ ದಾಟಿಸಿ ಟಚ್‌ಡೌನ್ ಗಳಿಸಿದ. ಒಂದು ಸೆಕೆಂಡು ಬಾಕಿಯಿತ್ತು. ಅಂತಿಮ ಅಂಕ 17–14. ರಕ್ಷಣೆಯ ಪಾಠ ಹೇಳಿಯೇ ಮೇಲೆ ಬಂದ ಕೋಚ್‌ಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ. ಫ್ರೀಮನ್ ಆಟಗಾರರ ಮೇಲೆ ಹೊರಿಸದೆ, ತಪ್ಪು ಕೋಚ್‌ಗಳದು ಎಂದು ಹೊಣೆ ಹೊತ್ತುಕೊಂಡರು.

2024ರ ಸೆಪ್ಟೆಂಬರ್‌ನಲ್ಲಿ ನಾರ್ದರ್ನ್ ಇಲಿನಾಯ್ ಎಂಬ, ಯಾರೂ ಲೆಕ್ಕಕ್ಕಿಡದ ತಂಡಕ್ಕೆ 16–14ರಿಂದ ಸೋತಾಗ ಅವರನ್ನು ತೆಗೆಯಬೇಕೆಂಬ ಕೂಗು ಜೋರಾಗಿತ್ತು. ಮೂರನೇ ಋತು. ವಿಲ್ಲಿಂಗ್‌ಹ್ಯಾಮ್ ಕೆಲಸ ಕಳೆದುಕೊಂಡದ್ದೂ ಮೂರನೇ ಋತುವಿನಲ್ಲೇ. ಈ ಬಾರಿ ವಿಶ್ವವಿದ್ಯಾಲಯ ತಾಳಿತು. ಅಲ್ಲಿಂದ ತಂಡ ಸತತ 13 ಪಂದ್ಯ ಗೆದ್ದಿತು. ಇಂಡಿಯಾನಾ, ಜಾರ್ಜಿಯಾ, ಕೊನೆಗೆ ಸೆಮಿಫೈನಲ್‌ನಲ್ಲಿ ಪೆನ್ ಸ್ಟೇಟ್ ವಿರುದ್ಧ 27–24. ಆ ಸೆಮಿಫೈನಲ್‌ನಲ್ಲಿ ಎದುರಾಳಿ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಕೂಡ ಕಪ್ಪು ಜನಾಂಗದವರಾಗಿದ್ದರಿಂದ, ಯಾರು ಗೆದ್ದರೂ ಇತಿಹಾಸವಾಗುತ್ತಿತ್ತು. ಗೆದ್ದ ಮೇಲೆ ಅದರ ಬಗ್ಗೆ ಕೇಳಿದಾಗ ಫ್ರೀಮನ್ ಅದು ಗೌರವ ಎಂದು ಒಪ್ಪಿದರು, ಎಲ್ಲ ಜನಾಂಗದ ಒಳ್ಳೆಯವರಿಗೂ ಇಂಥ ಅವಕಾಶ ಸಿಗಲಿ ಎಂದರು, ಆದರೆ ಗಮನ ತಂಡದಿಂದ ತಮ್ಮತ್ತ ತಿರುಗುವುದು ಬೇಡ ಎಂದು ಮಾತು ಮುಗಿಸಿದರು. ಅಟ್ಲಾಂಟಾದ ಅಂತಿಮ ಪಂದ್ಯದಲ್ಲಿ ಒಹಾಯೊ ಸ್ಟೇಟ್ 34–23ರಿಂದ ಗೆದ್ದಿತು. ಗೆದ್ದ ತಂಡದ ಲೈನ್‌ಬ್ಯಾಕರ್‌ಗಳ ಕೋಚ್ ಆಗಿದ್ದವರು, ಎನ್‌ಎಫ್‌ಎಲ್‌ನಲ್ಲಿ ವರ್ಷಗಟ್ಟಲೆ ಆಡಿ ಮರಳಿದ್ದ ಫ್ರೀಮನ್‌ರ ಹಳೆಯ ಜೊತೆಗಾರ ಲಾರಿನೈಟಿಸ್.

ಇದನ್ನು ಗುರಿ ಮುಟ್ಟಿದ ಕಥೆ ಎಂದು ನಾನು ಬರೆಯಲಾರೆ. ಉನ್ನತ ವಿಭಾಗದಲ್ಲಿ 130ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿವೆ. ಆಟಗಾರರಲ್ಲಿ ಕಪ್ಪು ಜನರ ಪಾಲು ಅರ್ಧದ ಆಸುಪಾಸು. 2024ರ ಋತುವಿನಲ್ಲಿ ಕಪ್ಪು ಮುಖ್ಯ ಕೋಚ್‌ಗಳ ಸಂಖ್ಯೆ ಇಪ್ಪತ್ತನ್ನೂ ದಾಟಿರಲಿಲ್ಲ. ಬಾಗಿಲು ದಾಟಿದವರಿಗೆ ಸಿಗುವ ಕಾಲಾವಕಾಶದ ಪ್ರಶ್ನೆಯಂತೂ ಹಾಗೇ ಉಳಿದಿದೆ. ಫ್ರೀಮನ್ ಫೈನಲ್ ತಲುಪಿದ ಅದೇ 2025ರ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಇಬ್ಬರು ಕಪ್ಪು ಮುಖ್ಯ ಕೋಚ್‌ಗಳು ಕೆಲಸ ಕಳೆದುಕೊಂಡರು. ನ್ಯೂ ಇಂಗ್ಲೆಂಡ್‌ನ ಜೆರಾಡ್ ಮೇಯೊ, ಒಂದೇ ಋತುವಿನ ನಂತರ. ಲಾಸ್ ವೇಗಸ್‌ನ ಆ್ಯಂಟೋನಿಯೊ ಪಿಯರ್ಸ್, ಪೂರ್ಣಾವಧಿಗೆ ನೇಮಕಗೊಂಡು ಒಂದೇ ಋತುವಿನ ನಂತರ. ಇಬ್ಬರೂ ಲೈನ್‌ಬ್ಯಾಕರ್ ಆಗಿದ್ದವರು. ಪಿಯರ್ಸ್ ಅರಿಜೋನಾ ಸ್ಟೇಟ್‌ನಲ್ಲಿ ಕಾಲೇಜು ಕೋಚ್ ಆಗಿಯೂ ಇದ್ದವರು.

ನೋಟರ್ ಡೇಮ್ ಮಾತ್ರ 2024ರ ಡಿಸೆಂಬರ್‌ನಲ್ಲಿ, ಪ್ಲೇಆಫ್‌ನ ಮೊದಲ ಪಂದ್ಯಕ್ಕೂ ಮುನ್ನ, ಫ್ರೀಮನ್ ಅವರ ಒಪ್ಪಂದವನ್ನು ವಿಸ್ತರಿಸಿತ್ತು. ಮುಂದಿನ ವರ್ಷಗಳಲ್ಲಿ ನೇಮಕಾತಿಗಳ ಸುದ್ದಿ ಬಂದಾಗ ನಾನು ನೋಡುವುದು ಮುಖ್ಯ ಕೋಚ್‌ನ ಹೆಸರನ್ನಲ್ಲ. ಕ್ವಾರ್ಟರ್‌ಬ್ಯಾಕ್‌ಗಳ ಕೋಣೆಗೆ ಯಾರನ್ನು ಕೋಚ್ ಮಾಡಿದ್ದಾರೆ, ಆಕ್ರಮಣದ ಕೋಆರ್ಡಿನೇಟರ್ ಯಾರು, ಆ ವರ್ಷ ಆಟ ಬಿಟ್ಟ ಯಾವ ಹುಡುಗನಿಗೆ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ ಎಂಬುದನ್ನು. ರಕ್ಷಣೆಯ ಕಡೆಯ ಏಣಿ 1967ರಿಂದ ತೆರೆಯುತ್ತಾ ಬಂದಿದೆ. ಮುಖ್ಯ ಕೋಚ್‌ಗಳನ್ನು ಹೆಚ್ಚಾಗಿ ಆರಿಸುವುದು ಆಕ್ರಮಣದ ಕಡೆಯಿಂದ. ಅಲ್ಲಿನ ಕೋಣೆಗಳು ಈಗಲೂ ಬಹುಪಾಲು ಬಿಳಿಯರ ಕೈಯಲ್ಲಿಯೇ ಇವೆ.